ತೋಟದ ವಸ್ತಿಗೊಂದು .32: ಕೊಳ್ಳುವ ಮುಂಚೆ ನೋಡಿದ್ದು

ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸಲು ಬಳಸುವ, ತೆಳು ಉಕ್ಕಿನ ಎಲೆಗಳಿಂದ ಸಂದಿ ಅಳೆಯುವ ಫೀಲರ್ ಗೇಜು, ದ್ರಾಕ್ಷಿ ಕ್ರೇಟು ತೂಗುವ ಕೊಕ್ಕೆ ತಕ್ಕಡಿ, ಪೆನ್ನಿನಷ್ಟು ಉದ್ದದ ಟಾರ್ಚು, ಒಂದು ಬಿಳಿ ಹಾಳೆ, ಆರು ಸ್ನ್ಯಾಪ್ ಕ್ಯಾಪು. ಬಂದೂಕಿನ ಅಂಗಡಿಗೆ ಹೋಗುವಾಗ ಚೀಲದಲ್ಲಿ ಇದ್ದದ್ದು ಇಷ್ಟು. ಸ್ನ್ಯಾಪ್ ಕ್ಯಾಪ್ ಅಂದರೆ ಕಾಡತೂಸಿನ ಅಳತೆಯದೇ, ಮದ್ದು ಇಲ್ಲದ ನಕಲಿ. ಖಾಲಿ ಆಯುಧದ ಟ್ರಿಗರ್ ಎಳೆದಾಗ ಕಾಡತೂಸಿಗೆ ಹೊಡೆಯುವ ಪಿನ್ನು ಬರಿ ಗಾಳಿಗೆ ಬಡಿಯದಿರಲಿ ಎಂದು ಹಾಕುವುದು. ಇವಿಷ್ಟರಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಕೊಕ್ಕೆ ತಕ್ಕಡಿ. ಅದನ್ನು ನೋಡಿ ಅಂಗಡಿಯ ಹುಡುಗ ನಕ್ಕಿದ್ದೂ ನಿಜ.

ಲೈಸೆನ್ಸ್ ಇದ್ದದ್ದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ, ಅರವತ್ತು ದಾಟಿದ ಒಬ್ಬ ದ್ರಾಕ್ಷಿ ಬೆಳೆಗಾರರ ಹೆಸರಲ್ಲಿ. ನಮಗೆಲ್ಲ ಅವರು ಕಾಕಾ. ಮನೆ ಊರೊಳಗಿಲ್ಲ, ತೋಟದ ವಸ್ತಿ. ಒಣದ್ರಾಕ್ಷಿ ಮಾರಿದ ದಿನಗಳಲ್ಲಿ ಮನೆಯಲ್ಲಿ ದುಡ್ಡಿರುತ್ತದೆ, ಸುತ್ತ ಕತ್ತಲೆ ಇರುತ್ತದೆ. ಸಣ್ಣದು ಬೇಕು, ಅಗ್ಗದ್ದು ಬೇಕು, ಕೈಯಲ್ಲಿ ಹಿಡಿಯುವಂಥದ್ದು ಬೇಕು ಎಂಬುದಷ್ಟೇ ಅವರ ಬೇಡಿಕೆ.

ಲೈಸೆನ್ಸಿನ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇವೆ. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿ ಫಾರ್ಮ್ ಎ-1. ಅದರ ಜೊತೆ ವೈದ್ಯರ ಪ್ರಮಾಣಪತ್ರ, ಆಯುಧ ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿಡುತ್ತೇನೆಂಬ ಮುಚ್ಚಳಿಕೆ. ವಿಜಯಪುರ, ಬಾಗಲಕೋಟೆಗಳಲ್ಲಿ ಕೊಡುವವರು ಜಿಲ್ಲಾಧಿಕಾರಿ. ಬೆಳಗಾವಿ ನಗರದೊಳಗಾದರೆ ಪೊಲೀಸ್ ಕಮಿಷನರ್. ತರಬೇತಿಗೆ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋಗುವುದು ಒಳ್ಳೆಯದು, ಕಾಗದದ ಸಲುವಾಗಿ ಅಲ್ಲ, ಕೈ ಪಳಗಲಿ ಎಂದು. ಹಂದಿ ಓಡಿಸಲು, ಬೆಳೆ ಕಾಯಲು ಅಂತ ಬರೆದರೆ ಸಿಗುವುದು ಒಂಟಿ ನಳಿಗೆ ಅಥವಾ ಜೋಡು ನಳಿಗೆ ಬಂದೂಕು. ಕೈಬಂದೂಕಿಗೆ ಆತ್ಮರಕ್ಷಣೆಯ ಕಾರಣ ಬೇಕು, ಆ ಕಾರಣಕ್ಕೆ ಆಧಾರವೂ ಬೇಕು. ಸುತ್ತಮುತ್ತ ನಡೆದ ದರೋಡೆಯ ಎಫ್‌ಐಆರ್ ನಕಲು, ವ್ಯಾಪಾರದ ಲೆಕ್ಕ, ಮನೆ ಊರಿನಿಂದ ಎಷ್ಟು ದೂರ ಎಂಬ ನಕ್ಷೆ. ಠಾಣೆಯ ವರದಿ ಸಡಿಲವಾಗಿ ಬಂದರೆ ಅರ್ಜಿ ಅಲ್ಲೇ ಕೂರುತ್ತದೆ.

ನಮ್ಮ ಜಿಲ್ಲೆಯಲ್ಲಿ ಕಳ್ಳ ಪಿಸ್ತೂಲಿಗೆ ಹೆಸರಾದ ಭೀಮಾ ನದಿ ದಂಡೆಯ ಮಾತೆತ್ತಿದರೆ ಸಾಕು, ‘ಇಷ್ಟೆಲ್ಲ ಯಾಕ್ರಿ, ಒಂದು ಕಂಟ್ರಿ ತರಸೂಣಲ್ಲ’ ಎನ್ನುವ ಒಬ್ಬರಾದರೂ ಇರುತ್ತಾರೆ. ಕಂಟ್ರಿ, ಅಂದರೆ ಕದ್ದುಮುಚ್ಚಿ ತಯಾರಿಸಿದ, ಪಿಸ್ತೂಲಿನ ನಳಿಗೆಗೆ ಕಾರ್ಖಾನೆಯ ಒತ್ತಡ ಪರೀಕ್ಷೆ ಆಗಿರುವುದಿಲ್ಲ. ಅದು ಯಾವತ್ತು ಕೈಯಲ್ಲೇ ಸಿಡಿಯುತ್ತದೋ ಹೇಳಲಾಗದು. ಕಾನೂನಿನ ಮಾತಾದರೆ, 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡಿದ್ದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಆ ಮಾತು ಅಲ್ಲಿಗೆ ಬಿಡೋಣ.

ಈಗ ಮುಖ್ಯ ವಿಷಯ. 9 ಎಂ.ಎಂ., .38, .45 ಇವೆಲ್ಲ ನಿಷೇಧಿತ ಬೋರು (ನಳಿಗೆಯ ಒಳ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಸಾಮಾನ್ಯವಾಗಿ ಮನೆಗೆ ತರುವುದು .32 ಅಥವಾ .22. ಇಲ್ಲೇ ಒಂದು ಗೊಂದಲ ಇದೆ. ‘.32’ ಎಂಬ ಹೆಸರಲ್ಲಿ ಎರಡು ಬೇರೆ ಬೇರೆ ಕಾಡತೂಸುಗಳಿವೆ. ಪಿಸ್ತೂಲಿನದು 7.65 ಎಂ.ಎಂ.; ಗಿಡ್ಡ ಕೇಸು (ಮದ್ದು ತುಂಬಿದ ಲೋಹದ ಕೊಳವೆ), ಸುಮಾರು 4.6 ಗ್ರಾಂ ಗುಂಡು. ರಿವಾಲ್ವರಿನದು .32 ಲಾಂಗ್, ಕೇಸು ಉದ್ದ, ಬುಡದಲ್ಲಿ ಅಗಲ ಅಂಚು, ಗುಂಡು 6.3 ಗ್ರಾಂ ಹತ್ತಿರ, ಸೀಸದ್ದು. ಪಿಸ್ತೂಲಿನ ಗಿಡ್ಡ ಕಾಡತೂಸು ರಿವಾಲ್ವರಿನ ಸಿಲಿಂಡರಿನ, ಅಂದರೆ ಕಾಡತೂಸು ತುಂಬುವ ತಿರುಗುವ ಉರುಳೆಯ, ತೂತಿನೊಳಗೆ ಹೋಗಿ ಕೂರುತ್ತದೆ, ಒಮ್ಮೊಮ್ಮೆ ಹಾರುತ್ತದೆ ಕೂಡ. ಹಾಗಂತ ಹಾಕಬಾರದು. ಅದು ಬೇರೆ ಒತ್ತಡಕ್ಕೆ ಮಾಡಿದ್ದು, ಈ ರಿವಾಲ್ವರಿಗಾಗಿ ಅಲ್ಲ. ಶಕ್ತಿಯಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ: 150ರಿಂದ 175 ಜೂಲು. 9 ಎಂ.ಎಂ.ನ ಸುಮಾರು ಮೂರರಲ್ಲಿ ಒಂದು ಪಾಲು. ಹಾಗಾಗಿ ‘ಯಾವುದು ಜೋರು’ ಎಂದು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಗುಂಡು ತಪ್ಪದೆ ಹಾರಬೇಕು, ಇಟ್ಟ ಗುರಿಗೆ ಹೋಗಬೇಕು. .32ರಲ್ಲಿ ಕೇಳಬೇಕಾದ್ದು ಅಷ್ಟೇ.

ಮಾರುಕಟ್ಟೆಯಲ್ಲಿ ಆಯ್ಕೆ ದೊಡ್ಡದೇನಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹಳೆ ನಮೂನೆಯ ರಿವಾಲ್ವರ್, ಹಿಂದಿನ ಕೊಂಡಿ ಬಿಚ್ಚಿದರೆ ನಳಿಗೆ ಮುಂದಕ್ಕೆ ಬಾಗಿ ತೆರೆಯುವಂಥದ್ದು. ಅದೇ ಜಾತಿಯ, 2014ರಲ್ಲಿ ಬಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’. 2023ರ ಆಗಸ್ಟಿನಲ್ಲಿ ಬಂದ, ಸಿಲಿಂಡರ್ ಪಕ್ಕಕ್ಕೆ ಹೊರಳುವ ‘ಪ್ರಬಲ್’. ಇಛಾಪುರದ ‘ಅಶನಿ’ ಪಿಸ್ತೂಲು. ಉತ್ತರ ಪ್ರದೇಶದ ಸಂಡೀಲಾದಲ್ಲಿ ಈಗ ತಯಾರಾಗುತ್ತಿರುವ ವೆಬ್ಲಿ ರಿವಾಲ್ವರ್. ಅಗ್ಗದ್ದು ಎಂದರೂ ಹೊಸ ರಿವಾಲ್ವರು ಲಕ್ಷದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅದರ ಮೇಲೆ ಜಿಎಸ್‌ಟಿ 28ರಿಂದ 40 ಪ್ರತಿಶತಕ್ಕೆ ಏರಿದೆ, 2025ರ ಸೆಪ್ಟೆಂಬರ್ 22ರಿಂದ. ಹಳೆ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ಮಾರಾಟಕ್ಕಿರುತ್ತವೆ. 2019ರಲ್ಲಿ ಒಬ್ಬರಿಗೆ ಎರಡೇ ಆಯುಧ ಎಂದಾದ ಮೇಲೆ ಮೂರನೆಯದನ್ನು ಬಿಟ್ಟವರೂ ಇದ್ದಾರೆ. ಆದರೆ ಅವಕ್ಕೆ ಹೆಸರಿನ ಬೆಲೆ, ಬಿಡಿಭಾಗ ಇಲ್ಲ. ಎಪ್ಪತ್ತು ವರ್ಷದ ಸ್ಪ್ರಿಂಗು ಮುರಿದರೆ ಮುಗಿಯಿತು. ಕಾಕಾ ಅಂಥದ್ದೊಂದನ್ನು ಕೈಗೆ ತೆಗೆದುಕೊಂಡು, ಚೆಂದ ಐತಿ ಎಂದು ಹೇಳಿ ಕೆಳಗಿಟ್ಟರು.

ಇಲ್ಲಿಂದ ಮುಂದೆ ತಯಾರಕರ ಹೆಸರು ಹೇಳುವುದಿಲ್ಲ. ಒಂದೇ ಕಾರ್ಖಾನೆಯ, ಒಂದೇ ವರ್ಷದ ಎರಡು ನಗದ, ಅಂದರೆ ಎರಡು ಬಿಡಿ ಆಯುಧಗಳ, ನಡುವೆಯೇ ವ್ಯತ್ಯಾಸ ಇರುವುದರಿಂದ ನೋಡಬೇಕಾದದ್ದು ಎದುರಿಗಿರುವ ನಗವನ್ನು.

ಮೇಜಿನ ಮೇಲೆ ಬಂದದ್ದು ಮೂರು: ಮುಂದಕ್ಕೆ ಬಾಗಿ ತೆರೆಯುವ ರಿವಾಲ್ವರ್ ಎರಡು ನಗ, ಒಂದು 7.65 ಪಿಸ್ತೂಲು. ಯಾವುದನ್ನೇ ಕೈಗೆ ತೆಗೆದುಕೊಂಡರೂ ಮೊದಲು ನಳಿಗೆಯ ಬಾಯಿ ಗೋಡೆಯ ಕಡೆಗೆ, ಬೆರಳು ಟ್ರಿಗರಿನ ಹೊರಗೆ. ತೆರೆದು ಆರೂ ತೂತು ಕಣ್ಣಿಂದ ನೋಡಿ, ಮತ್ತೆ ಕಿರುಬೆರಳಿಂದ ಮುಟ್ಟಿ ನೋಡಬೇಕು. ಅಂಗಡಿಯವರು ‘ಖಾಲಿ ಐತ್ರಿ’ ಅಂದರೂ ನೋಡಬೇಕು.

ರಿವಾಲ್ವರಿನ ಚೌಕಟ್ಟು, ನಳಿಗೆ, ಸಿಲಿಂಡರ್ ಮೂರರ ಮೇಲಿನ ನಂಬರು ಒಂದೇ ಇದೆಯೇ ನೋಡಿದೆವು. ಆಮೇಲೆ ತೆರೆದಿಟ್ಟು, ಹಿಂದೆ ಬಿಳಿ ಹಾಳೆ ಹಿಡಿದು, ಹಾಳೆಗೆ ಟಾರ್ಚು ಬಿಟ್ಟು ನಳಿಗೆಯ ಬಾಯಿಯ ಕಡೆಯಿಂದ ನೋಡುವುದು. ನಳಿಗೆಯೊಳಗಿನ ಸುರುಳಿ ಗೆರೆಗಳು ಕೊನೆತನಕ ಕಡಿಯದೆ ಹೋಗಬೇಕು. ನಡುವೆ ಎಲ್ಲಾದರೂ ಉಂಗುರದಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಂತ. ಹೊಸದರಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಹಳೆಯದರಲ್ಲಿ ಇರಬಹುದು. ಎರಡೂ ನಗ ಇದರಲ್ಲಿ ಪಾಸು.

ಕೊಂಡಿ ಹಾಕಿ, ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ನಳಿಗೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ತಿರುವಿದೆವು. ಈ ಜಾತಿಯ ರಿವಾಲ್ವರಿನ ದುರ್ಬಲ ಜಾಗ ಮೇಲಿನ ಕೊಂಡಿ ಮತ್ತು ಕೆಳಗಿನ ಕೀಲು. ಕೀಲು ಕಟಕಟ ಅಂದರೆ ಬೇಡ.

ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಗೆ ಫೀಲರ್ ಗೇಜು. 0.15ರಿಂದ 0.20 ಮಿ.ಮೀ. ಇದ್ದರೆ ಒಳ್ಳೆಯದು, 0.25ರವರೆಗೆ ನಡೆದೀತು. 0.30 ದಾಟಿದರೆ ಸೀಸದ ಚೂರು, ಬಿಸಿ ಹೊಗೆ ಪಕ್ಕಕ್ಕೆ ಚಿಮ್ಮುತ್ತದೆ. ತೀರ ಕಡಿಮೆ, ಅಂದರೆ 0.05 ಇದ್ದರೂ ತೊಂದರೆಯೇ. ನಾಲ್ಕು ಸುತ್ತು ಹಾರಿಸಿದ ಮೇಲೆ ಮಸಿ ಕಟ್ಟಿ ಸಿಲಿಂಡರ್ ತಿರುಗುವುದೇ ಇಲ್ಲ. ಒಂದು ಕಡೆ ಅಳೆದು ಬಿಡಬಾರದು. ಸಿಲಿಂಡರಿನ ಮುಖ ಓರೆಯಿದ್ದರೆ ಒಂದು ತೂತಿಗೆ ಒಂದು ಅಳತೆ ಬರುತ್ತದೆ. ಮೊದಲ ನಗದಲ್ಲಿ ಐದು ತೂತಿಗೆ 0.20ರ ಎಲೆ ಹೋಯಿತು, ಆರನೆಯದರಲ್ಲಿ 0.15 ಕೂಡ ಬಿಗಿ. ಎರಡನೆಯದರಲ್ಲಿ ಆರಕ್ಕೆ ಆರೂ 0.20.

ಆಮೇಲೆ ಹೊಂದಾಣಿಕೆ. ಸಿಲಿಂಡರಿನ ಮೇಲೆ ಒಂದು ಬೆರಳನ್ನು ಹಗುರಾಗಿ ಊರಿ, ಹ್ಯಾಮರನ್ನು, ಅಂದರೆ ಹಿಂದೆ ಇರುವ ಬಡಿಯುವ ಸುತ್ತಿಗೆಯನ್ನು, ತೀರ ನಿಧಾನ ಹಿಂದಕ್ಕೆ ಎಳೆಯುವುದು. ಹ್ಯಾಮರ್ ನಿಲ್ಲುವ ಮುಂಚೆಯೇ ಸಿಲಿಂಡರ್ ‘ಟಕ್’ ಎಂದು ಲಾಕ್ ಆಗಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರ್ ಬೆರಳಲ್ಲಿ ಇನ್ನಷ್ಟು ತಿರುಗಿದರೆ ತೂತು ನಳಿಗೆಗೆ ನೇರ ಬಂದಿಲ್ಲ. ಗುಂಡಿನ ಒಂದು ಪಕ್ಕ ನಳಿಗೆಯ ಅಂಚಿಗೆ ಕೆತ್ತಿ ಹೋಗುತ್ತದೆ. ಸೀಮೆಸುಣ್ಣದಿಂದ ಒಂದು ತೂತಿಗೆ ಗುರುತು ಹಾಕಿ ಆರನ್ನೂ ನೋಡಬೇಕು. ಮೊದಲ ನಗ ಅದೇ ಬಿಗಿಯಾದ ತೂತಿನಲ್ಲಿ ತಡವಾಗಿ ಲಾಕ್ ಆಯಿತು.

ಕೊಕ್ಕೆ ತಕ್ಕಡಿಯ ಸರದಿ ಬಂತು. ಆರು ಸ್ನ್ಯಾಪ್ ಕ್ಯಾಪ್ ತುಂಬಿ, ಟ್ರಿಗರಿನ ನಡುವಿಗೆ ಕೊಕ್ಕೆ ಸಿಕ್ಕಿಸಿ, ನಳಿಗೆಗೆ ಸಮಾನಾಂತರವಾಗಿ ಹಿಂದಕ್ಕೆ ಎಳೆಯುವುದು. ಹ್ಯಾಮರ್ ಬೀಳುವ ಕ್ಷಣದ ಅಂಕಿ ನೋಡಿಕೊಳ್ಳಬೇಕು. ಐದು ಸಲ ಅಳೆದು ಸರಾಸರಿ. ಹ್ಯಾಮರ್ ಎತ್ತಿಟ್ಟು ಎಳೆದಾಗ ಎರಡೂ ನಗ 2 ಕಿಲೋ ಸುತ್ತಮುತ್ತ. ಎತ್ತದೆ ನೇರ ಎಳೆದರೆ, ಅಂದರೆ ಡಬಲ್ ಆಕ್ಷನ್ನಿನಲ್ಲಿ, ಮೊದಲನೆಯದು ಏಳೂವರೆ ಕಿಲೋ, ಎರಡನೆಯದು ಐದೂವರೆ. ಖಾಲಿ ರಿವಾಲ್ವರಿನ ತೂಕವೇ ಮುಕ್ಕಾಲು ಕಿಲೋ ಒಳಗೆ. ಅದರ ಹತ್ತು ಪಟ್ಟು ಜೋರಿನಿಂದ ಎಳೆಯುವಾಗ ಗುರಿ ಎಲ್ಲಿ ನಿಂತೀತು?

‘ಹೊಸದಿದ್ದಾಗ ಹಂಗ ಬಿಗಿ ಇರತೈತ್ರಿ. ನೂರು ಸಲ ಎಳದ್ರ ಹಗುರಾಗತೈತಿ’ ಅಂದ ಅಂಗಡಿ ಹುಡುಗ.

‘ನೂರು ಸಲ ಎಳಿಯೂದಕ್ಕ ನನ್ನ ಬೆರಳ ಉಳಿಬೇಕಲ್ಲೊ ತಮ್ಮಾ’ ಅಂದರು ಕಾಕಾ.

ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ಉಜ್ಜುವ ಜಾಗಗಳು ನುಣುಪಾದಂತೆ ಅರ್ಧ ಕಿಲೋ ಇಳಿಯಬಹುದು. ಆದರೆ ಎರಡು ಕಿಲೋ ಇಳಿಯುವುದಿಲ್ಲ. ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಲೇಬಾರದು. ಸ್ಪ್ರಿಂಗಿನ ಜೋರು ಇಳಿದರೆ ಹ್ಯಾಮರಿನ ಹೊಡೆತ ಇಳಿಯುತ್ತದೆ, ಕಾಡತೂಸಿನ ಬುಡದಲ್ಲಿರುವ ಕಿಡಿ ಹುಟ್ಟಿಸುವ ಕ್ಯಾಪು ಹೊತ್ತಿಕೊಳ್ಳುವುದಿಲ್ಲ. ಟ್ರಿಗರ್ ಹಗುರಾಯಿತು, ಗುಂಡು ಮಾತ್ರ ಹಾರಲಿಲ್ಲ ಎಂಬಂತಾಗುತ್ತದೆ.

ಪಿಸ್ತೂಲು ನೋಡಲು ಚಪ್ಪಟೆ, ಕಿಸೆಗೆ ಹಿತ, ಟ್ರಿಗರೂ ಹಗುರ. ಸೋತದ್ದು ಸ್ಲೈಡಿನಲ್ಲಿ, ಅಂದರೆ ಕಾಡತೂಸು ಏರಿಸಲು ಹಿಂದಕ್ಕೆ ಎಳೆಯುವ ಮೇಲ್ಭಾಗದಲ್ಲಿ. ಈ ಸಣ್ಣ ಪಿಸ್ತೂಲುಗಳಲ್ಲಿ ಗುಂಡು ಹಾರುವಾಗ ಸ್ಲೈಡನ್ನು ತಡೆದು ಹಿಡಿಯುವುದು ಅದರ ತೂಕ ಮತ್ತು ಸ್ಪ್ರಿಂಗು ಮಾತ್ರ, ಬೇರೆ ಬೀಗ ಇಲ್ಲ. ಆದ್ದರಿಂದ ಸ್ಪ್ರಿಂಗು ಬಿಗಿ. ಅಂಗೈ ಬೆವರಿದ್ದರೆ ಹಿಂದಿನ ಸಣ್ಣ ಗೀರುಗಳು ಹಿಡಿತವನ್ನೇ ಕೊಡುವುದಿಲ್ಲ. ಕಾಕಾ ನಾಲ್ಕು ಸಲ ಎಳೆದರು. ಎರಡು ಸಲ ಅರ್ಧಕ್ಕೆ ಬಿಟ್ಟರು. ಅರ್ಧಕ್ಕೆ ಬಿಟ್ಟರೆ ಕಾಡತೂಸು ಮ್ಯಾಗಜಿನ್ನಿಂದ ಮೇಲೇಳುವುದಿಲ್ಲ, ಎದ್ದರೂ ಮೂಗು ಕೆಳಗೆ ಮಾಡಿ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ನಳಿಗೆಯಲ್ಲಿ ಕಾಡತೂಸು ಏರಿಸಿ ಇಡುವಂತಿಲ್ಲ. ಏರಿಸದೆ ಇಟ್ಟರೆ ನಿದ್ದೆಗಣ್ಣಲ್ಲಿ ಎರಡೂ ಕೈ ಬೇಕು, ಟಾರ್ಚಿಗೆ ಕೈ ಇಲ್ಲ.

.22ರ ಹಗುರ ರಿವಾಲ್ವರನ್ನೂ ತೋರಿಸಿದರು. ಅದಕ್ಕೆ ಸ್ನ್ಯಾಪ್ ಕ್ಯಾಪ್ ಇಲ್ಲದೆ ಟ್ರಿಗರ್ ಎಳೆಯಲೇಬಾರದು. .22ರಲ್ಲಿ ಪಿನ್ನು ಕೇಸಿನ ಅಂಚಿಗೆ ಹೊಡೆಯುವುದರಿಂದ, ಖಾಲಿ ಇದ್ದಾಗ ತೂತಿನ ಉಕ್ಕಿನ ತುಟಿಗೇ ಬಡಿದು ಪಿನ್ನೂ ತುಟಿಯೂ ಜಜ್ಜುತ್ತವೆ. ಅಂಗಡಿಯಲ್ಲಿ ಬಂದವರೆಲ್ಲ ಎಳೆದು ನೋಡಿದ ನಗದ ಆರು ತುಟಿಗಳಲ್ಲಿ ನಾಲ್ಕರ ಮೇಲೆ ಉಗುರಿಗೆ ತಾಗುವಷ್ಟು ಗುಳಿ ಇತ್ತು.

ರಿವಾಲ್ವರಿನ ಎರಡನೇ ನಗವನ್ನು ಆರಿಸಿದ್ದು ಹೀಗೆ. ಬೇರೆ ರಾಜ್ಯದಿಂದ ತರುವುದಾದರೆ ಲೈಸೆನ್ಸ್ ಯಾವ ಪ್ರದೇಶಕ್ಕೆ ಸಿಂಧು ಎಂದು ಮೊದಲು ಓದಿಕೊಳ್ಳಬೇಕು. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ರೈಲಿನಲ್ಲಿ ಸುಮ್ಮನೆ ಹಿಡಿದುಕೊಂಡು ಬರಲಾಗದು, ಬೇರೆ ಅನುಮತಿ ಬೇಕು.

ಹಾರಿಸಿ ನೋಡುವುದು ಕೊಂಡ ಮೇಲಿನ ಮಾತು. ಅದೂ ಅನುಮತಿ ಇರುವ ಫೈರಿಂಗ್ ರೇಂಜಿನಲ್ಲಿ, ತೋಟದ ಬದುವಿನ ಮೇಲೆ ಅಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಒಮ್ಮೆಗೆ ಎಷ್ಟು ಕಾಡತೂಸು, ವರ್ಷಕ್ಕೆ ಎಷ್ಟು ಎಂದು ಎರಡು ಅಂಕಿ ಇರುತ್ತವೆ. ಕಾಕಾಗೆ ವರ್ಷಕ್ಕೆ 50 ಇತ್ತು. 30 ಪರೀಕ್ಷೆಗೆ, 20 ಮನೆಗೆ ಎಂದು ಹಂಚಿದೆವು. ಎಲ್ಲ ಒಂದೇ ಲಾಟಿನವು, ಅಂದರೆ ಒಟ್ಟಿಗೆ ತಯಾರಾದವು, ಬುಡದಲ್ಲಿ ಖಡಕಿ ಕಾರ್ಖಾನೆಯ ಕೆ.ಎಫ್. ಗುರುತಿನವು. ಪರೀಕ್ಷೆ ಮಾಡಿದ ಲಾಟಿನದನ್ನೇ ಮನೆಯಲ್ಲಿಡಬೇಕು.

ದೂರ 7 ಮೀಟರು. ಪಡಸಾಲೆಯ ಒಂದು ಮೂಲೆಯಿಂದ ಬಾಗಿಲಿಗೆ ಅಷ್ಟೇ ಇರುವುದು. 25 ಮೀಟರಿನಲ್ಲಿ ಹೊಡೆದು ಹೆಮ್ಮೆಪಡುವುದರಿಂದ ಪ್ರಯೋಜನ ಇಲ್ಲ. ಮೊದಲ 6 ಹ್ಯಾಮರ್ ಎತ್ತಿ ನಿಧಾನ: ಎಲ್ಲವೂ ಚಹಾದ ಬಸಿಯಷ್ಟು ಜಾಗದಲ್ಲಿ, ಗುರಿಗಿಂತ ಮೂರು ಬೆರಳು ಮೇಲೆ. ಮುಂದಿನ 12 ಡಬಲ್ ಆಕ್ಷನ್: ಗುಂಪು ಜೋಳದ ರೊಟ್ಟಿಯಷ್ಟು ಅಗಲವಾಯಿತು, ಕೆಳಗೆ ಎಡಕ್ಕೆ ಜರುಗಿತು. ಬಲಗೈಯವರು ಬಿಗಿ ಟ್ರಿಗರನ್ನು ಬೆರಳ ಜೊತೆ ಇಡೀ ಮುಷ್ಟಿಯಿಂದ ಹಿಂಡಿದಾಗ ಹೀಗೇ ಆಗುತ್ತದೆ. ಮನೆಯಲ್ಲಿ ಸ್ನ್ಯಾಪ್ ಕ್ಯಾಪ್ ಹಾಕಿ, ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದಂತೆ ಎಳೆಯುವ ಅಭ್ಯಾಸಕ್ಕೆ ಖರ್ಚಿಲ್ಲ. ಕಾಡತೂಸು ಬೇರೆ ಕೋಣೆಯಲ್ಲಿರಬೇಕು, ಅಷ್ಟೇ. ಕೊನೆಯ 12ರಲ್ಲಿ 6 ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಟಾರ್ಚು. 6 ಬೇಗ ಬೇಗ.

ಮೂವತ್ತರಲ್ಲಿ ಎರಡು ಮೊದಲ ಹೊಡೆತಕ್ಕೆ ಹಾರಲಿಲ್ಲ. ಹೀಗಾದಾಗ ತೆರೆಯಬಾರದು. ಬಾಯಿ ಗುರಿಯ ಕಡೆಗೇ ಇಟ್ಟು ಮೂವತ್ತು ಎಣಿಸಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಎರಡೂ ಎರಡನೇ ಹೊಡೆತಕ್ಕೆ ಹಾರಿದವು. ಎರಡೂ ಆದದ್ದು ಡಬಲ್ ಆಕ್ಷನ್ನಿನಲ್ಲೇ. ಡಬಲ್ ಆಕ್ಷನ್ನಿನಲ್ಲಿ ಹ್ಯಾಮರ್ ಪೂರ್ತಿ ಹಿಂದೆ ಹೋಗುವ ಮುಂಚೆಯೇ ಬಿಟ್ಟುಕೊಳ್ಳುತ್ತದೆ, ಹೊಡೆತ ತುಸು ಕಮ್ಮಿ. ಕ್ಯಾಪು ಕೇಸಿನ ಬುಡದಲ್ಲಿ ಪೂರ್ತಿ ಕೂತಿರದಿದ್ದರೆ ಮೊದಲ ಹೊಡೆತ ಅದನ್ನು ಒಳಗೆ ತಳ್ಳಲಿಕ್ಕೇ ಖರ್ಚಾಗುತ್ತದೆ. ಉಳಿದ 20ರ ಬುಡದ ಮೇಲೆ ಉಗುರು ಆಡಿಸಿ ನೋಡಿದೆವು. ಮೂರರಲ್ಲಿ ಕ್ಯಾಪು ಉಬ್ಬಿ ಉಗುರಿಗೆ ತಡೆಯಿತು. ಅವನ್ನು ಬೇರೆ ಡಬ್ಬಿಗೆ ಹಾಕಿದೆವು, ಮುಂದಿನ ಅಭ್ಯಾಸಕ್ಕೆ. ಆಪತ್ತಿನ ಹೊತ್ತಿನಲ್ಲಿ ರಿವಾಲ್ವರಿನ ಅನುಕೂಲ ಇದೇ: ಹಾರದಿದ್ದರೆ ಮತ್ತೆ ಎಳೆದರಾಯಿತು, ಮುಂದಿನ ತೂತು ಬರುತ್ತದೆ. ಆದರೆ ‘ಪುಸ್’ ಎಂದು ಸಣ್ಣ ಸದ್ದಾಗಿ ಗುರಿಯ ಮೇಲೆ ತೂತು ಬೀಳದಿದ್ದರೆ ಮತ್ತೆ ಎಳೆಯಕೂಡದು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಬಿಟ್ಟರೆ ನಳಿಗೆ ಸೀಳುತ್ತದೆ.

ಸಂದಿಯ ಪಕ್ಕ ಒಂದು ಗೇಣು ದೂರಕ್ಕೆ ಬಿಳಿ ಹಾಳೆ ನಿಲ್ಲಿಸಿ ಆ ಮೂವತ್ತರಲ್ಲೇ ಆರು ಹಾರಿಸಿದಾಗ ಬರಿ ಮಸಿ ಬಿತ್ತು, ಸೀಸದ ಚೂರು ಬೀಳಲಿಲ್ಲ. ಖಾಲಿ ಕೇಸು ತೆಗೆಯುವಾಗ ಒಮ್ಮೆ ಸಿಕ್ಕಿಕೊಂಡಿತು, ಅದು ಕೈಯ ತಪ್ಪು. ನಿಧಾನ ತೆರೆದರೆ ಕೇಸು ಜಾರಿ, ಕೇಸುಗಳನ್ನು ಹೊರತಳ್ಳುವ ಎಕ್ಸ್‌ಟ್ರ್ಯಾಕ್ಟರಿನ ನಕ್ಷತ್ರದ ಕೆಳಗೆ ಹೋಗಿ ಕೂರುತ್ತದೆ, ಆಮೇಲೆ ರಿವಾಲ್ವರ್ ಮುಚ್ಚುವುದೂ ಇಲ್ಲ. ಪಕ್ಕಕ್ಕೆ ವಾಲಿಸಿ ಒಂದೇ ಝಟಕಿಗೆ ತೆರೆಯಬೇಕು, ಕೇಸುಗಳು ಹೊರಗೆ ಬೀಳಬೇಕು. ಬಿದ್ದ ಕೇಸು ಎಣಿಸಿ ಡಬ್ಬಿಗೆ ಹಾಕಿಕೊಂಡೆವು. ಹೊಸ ಕಾಡತೂಸು ಕೊಳ್ಳುವಾಗ ಹಳೆಯದರ ಲೆಕ್ಕ ಕೇಳುತ್ತಾರೆ.

ಮನೆಯಲ್ಲಿ ನೋಡಬೇಕಾದದ್ದು ಗೋಡೆ. .32ರ ಸೀಸದ ಗುಂಡು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ದಾಟುವುದಿಲ್ಲ. ಪತ್ರಾ (ತಗಡು), ಪ್ಲೈವುಡ್ ಬಾಗಿಲು ದಾಟುತ್ತದೆ. ವಸ್ತಿಯ ಹಿಂದೆ ಆಳುಗಳ ಪತ್ರಾ ಶೆಡ್ಡಿದೆ, ಅವರ ಮಕ್ಕಳು ಅಲ್ಲೇ ಮಲಗುತ್ತಾರೆ. ಹಾಗಾಗಿ ಹಿಂದಿನ ಬಾಗಿಲ ಕಡೆಗೆ ಗುರಿ ಹಿಡಿಯುವುದೇ ಇಲ್ಲ ಎಂದು ತೀರ್ಮಾನವಾಯಿತು. ಆ ಬಾಗಿಲಿಗೆ ಕಬ್ಬಿಣದ ಜಾಲರಿ, ಹೊರಗೆ ದೀಪ, ಒಂದು ನಾಯಿ. 112ಕ್ಕೆ ಫೋನು ಮೊದಲು. ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮು ದರೋಡೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮುಂಚೆ ಮನೆ ಮುರಿದು ನುಗ್ಗುವುದು ಇಂಥವಕ್ಕೆ ಪ್ರಾಣ ತೆಗೆಯುವ ಮಟ್ಟದ ರಕ್ಷಣೆಯ ಹಕ್ಕು ಕೊಡುತ್ತದೆ, ನಿಜ. ಆದರೆ 37ನೇ ಕಲಮು ಆ ಹಕ್ಕಿಗೆ ಲಗಾಮು: ಪೊಲೀಸರನ್ನು ಕರೆಯಲು ಸಮಯ ಇದ್ದರೆ ಹಕ್ಕಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ತೋಟದಿಂದ ಪಂಪ್‌ಸೆಟ್ಟಿನ ಕೇಬಲ್ ಕದ್ದು ಓಡುವವನ ಬೆನ್ನಿಗೆ ಹೊಡೆದು ಅವನು ಸತ್ತರೆ ಅದು ಕೊಲೆ ಕೇಸು ಆಗಬಹುದು. ಮದುವೆ, ಜಾತ್ರೆಯಲ್ಲಿ ಗಾಳಿಗೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೂ 2 ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಇನ್ನೊಂದು, ಕೊಳ್ಳುವವರು ಮರೆಯುವುದು. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರ ಕೈಗೆ ಮಾತ್ರ ಆಯುಧ. ಕಾಕಾ ಸೋಲಾಪುರಕ್ಕೆ ಹೋದ ರಾತ್ರಿ ಅದು ಕಪಾಟಿನಲ್ಲಿರುವ ಕಬ್ಬಿಣ, ಕೀಲಿಯೂ ಅವರ ಜೊತೆಗೇ ಹೋಗಬೇಕು.

ಇಡುವ ಜಾಗಕ್ಕೆ ಮೊದಲು ಗೊತ್ತು ಮಾಡಿದ್ದು ಒಣದ್ರಾಕ್ಷಿ ಶೆಡ್ಡಿನ ಪಕ್ಕದ ಕೋಣೆ, ಗೋಡೆ ಗಟ್ಟಿ ಎಂದು. ಅಲ್ಲಿಂದ ಬದಲಿಸಿದೆವು. ಬಣ್ಣಕ್ಕೆ ಗಂಧಕದ ಹೊಗೆ ಕೊಡುವ ಜಾಗದ ಹತ್ತಿರ ಉಕ್ಕಿಗೆ ಆಯುಷ್ಯ ಇಲ್ಲ. ತೇವ ಸೇರಿದರೆ ಅದು ಆಮ್ಲ. ಗೋಡೆಗೆ ಬೋಲ್ಟು ಹಾಕಿದ ಸಣ್ಣ ಲಾಕರು ಮಲಗುವ ಕೋಣೆಗೆ ಬಂತು. ಚರ್ಮದ ಹೋಲ್ಸ್ಟರಿನಲ್ಲಿ ಇಡುವುದು ತಪ್ಪು; ಚರ್ಮ ತೇವ ಹೀರುತ್ತದೆ, ಹದ ಮಾಡಿದ ಉಪ್ಪು ಉಕ್ಕಿಗೆ ಹತ್ತುತ್ತದೆ. ತೆಳುವಾಗಿ ಎಣ್ಣೆ ಒರೆಸಿದ ಹತ್ತಿ ಬಟ್ಟೆ ಸಾಕು. ಎಣ್ಣೆ ಜಾಸ್ತಿಯಾದರೆ ನಮ್ಮ ಎರೆಮಣ್ಣಿನ ಧೂಳು ಅದಕ್ಕೇ ಅಂಟಿ ಸಿಲಿಂಡರಿನ ಕೀಲಿನಲ್ಲಿ ಅರೆಯುತ್ತದೆ. ಕಾಡತೂಸಿಗಂತೂ ಎಣ್ಣೆ ತಾಗಿಸಲೇಬಾರದು, ಕ್ಯಾಪಿನೊಳಗೆ ಇಳಿದು ಮದ್ದು ಕೆಡುತ್ತದೆ.

ಕೊಂಡ ಮೇಲೆ ನಂಬರು ದಾಖಲಿಸಲು ಹೋದ ಕಚೇರಿಯಲ್ಲಿ ಒಂದು ಅಂಕಿ ತಪ್ಪಾಗಿ ಬರೆದುಕೊಟ್ಟಿದ್ದರು. ಮೇಜು ಬಿಡುವ ಮುಂಚೆಯೇ ಓದಿ ನೋಡಿದ್ದರಿಂದ ಹತ್ತು ನಿಮಿಷದಲ್ಲಿ ತಿದ್ದಾಯಿತು. ಚುನಾವಣೆ ಬಂದಾಗ ಆದೇಶ ಬಂದರೆ ಠಾಣೆಗೆ ಜಮಾ ಮಾಡಬೇಕು. ಅಷ್ಟು ವಾರ ಮನೆಯಲ್ಲಿ ಆಯುಧ ಇರುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಕೊಡುವಾಗ ಎಣ್ಣೆ ಒರೆಸಿ, ನಂಬರು ಬರೆದ ರಸೀದಿ ಪಡೆದು, ವಾಪಸ್ ಬಂದ ದಿನ ಬಿಳಿ ಹಾಳೆ, ಟಾರ್ಚು ಹಿಡಿದು ನಳಿಗೆ ನೋಡಬೇಕು.